ಇಳಿಯದ ನೆರಿಗೆ

ನೆರಳೊಂದು ಆಟೊದ ಮೇಲೆ ಹಾದುಹೋಯಿತು, ವಿಮಾನದ್ದೇ ಇರಬೇಕು, ಹದ್ದಿನ ನೆರಳು ಅಷ್ಟು ದೊಡ್ಡದಿರುವುದಿಲ್ಲ — ಹುಣಸಮಾರನಹಳ್ಳಿಗೆ ಬಂದು ಒಂಬತ್ತು ವರ್ಷವಾದರೂ ತಲೆ ಎತ್ತಿ ನೋಡುವ ಚಟ ಬಿಟ್ಟಿಲ್ಲ, ಇವತ್ತು ಮಾತ್ರ ಎತ್ತಲಿಲ್ಲ, ಕಣ್ಣು ಮಡಿಲಲ್ಲೇ ಇದೆ, ಮಡಿಲಲ್ಲಿ ಆಟೊ ಮಂಜೂರನ ಟವೆಲ್ಲು, ಟವೆಲ್ಲಿನೊಳಗೆ ನಾಯಿಮರಿ, ಅದರ ಹೆಗಲ ಮೇಲಿನ ಚರ್ಮದಲ್ಲಿ ನನ್ನ ಎರಡು ಬೆರಳು. ಚಿವುಟಿ ಎತ್ತುತ್ತೇನೆ, ಬಿಡುತ್ತೇನೆ, ಎಣಿಸುತ್ತೇನೆ, ಒಂದು, ಎರಡು, ಮೂರು — ಇಳಿಯಿತು, ನಿಧಾನಕ್ಕೆ, ಮನಸ್ಸಿಲ್ಲದ ಮನಸ್ಸಿನಿಂದ ಇಳಿದ ಹಾಗೆ ಇಳಿಯಿತು. ಮೂರು ಎಣಿಸುವಷ್ಟರಲ್ಲಿ ಇಳಿದರೆ ಇನ್ನೂ ಹೊತ್ತು ಮೀರಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ, ಹಾಗೆಂದು ಯಾವ ಡಾಕ್ಟರೂ ಹೇಳಿಲ್ಲ, ಅಕ್ಕಾ ಗಟ್ಟಿಯಾಗಿ ಹಿಡ್ಕೊಳ್ಳಿ ಹಂಪ್ ಐತೆ ಅನ್ನುತ್ತಾನೆ ಮಂಜೂರ, ಹಿಡಿದುಕೊಂಡೆ, ಹಿಡಿಯಲು ಏನಿದೆ ಇದರಲ್ಲಿ, ಒಂದು ಜೊತೆ ಚಪ್ಪಲಿಯಷ್ಟೂ ಭಾರವಿಲ್ಲ. ಹೆಬ್ಬಾಳದ ಪ್ರಾಣಿ ಆಸ್ಪತ್ರೆಗೆ ಇನ್ನು ಅರ್ಧ ಗಂಟೆಯಂತೆ, ಟ್ರಾಫಿಕ್ ಇಲ್ಲದಿದ್ದರೆ, ಹೆಬ್ಬಾಳದಲ್ಲಿ ಟ್ರಾಫಿಕ್ ಇಲ್ಲದಿದ್ದರೆ ಅನ್ನುವುದು ಗಂಡನ ಮನೆಯಲ್ಲಿ ಅತ್ತೆ ಇಲ್ಲದಿದ್ದರೆ ಅಂದ ಹಾಗೆ. ಮಧ್ಯಾಹ್ನ ಹನ್ನೆರಡೂವರೆ, ಮೇ ತಿಂಗಳು, ಏರ್‌ಪೋರ್ಟ್ ರಸ್ತೆಯ ಡಾಂಬರು ದೂರದಲ್ಲಿ ನೀರು ನಿಂತಂತೆ ಹೊಳೆಯುತ್ತಿದೆ, ಹತ್ತಿರ ಹೋದರೆ ಏನೂ ಇಲ್ಲ.

ನೆರಿಗೆ. ಆ ಮಾತು ತರಬೇತಿಯಲ್ಲಿ ಕೇಳಿದ್ದು, ಯಲಹಂಕದ ಆಸ್ಪತ್ರೆಯ ಮಹಡಿಯ ಮೇಲೆ ನಲವತ್ತು ಜನ ಆಶಾ ಕಾರ್ಯಕರ್ತೆಯರು, ಎಲ್ಲರದ್ದೂ ಒಂದೇ ಗುಲಾಬಿ ಸೀರೆ, ನಡುವೆ ಮೇಜಿನ ಮೇಲೆ ಒಂದು ರಬ್ಬರ್ ಬೊಂಬೆ, ಅದಕ್ಕೆ ವಾಂತಿಭೇದಿ ಎಂದು ತಿಳಿದುಕೊಳ್ಳಬೇಕು, ಟ್ರೇನಿಂಗಿನ ಮೇಡಂ ಬೊಂಬೆಯ ಹೊಟ್ಟೆ ಚಿವುಟಿ ತೋರಿಸಿದರು, ರಬ್ಬರು ಟಕ್ಕೆಂದು ಹಿಂದೆ ಹೋಯಿತು, ನೋಡಿ ಮಗು ಆರೋಗ್ಯವಾಗಿದ್ರೆ ಇಂಗೇ, ಇಳೀದೆ ಸೀರೆ ನೆರಿಗೆ ತರ ನಿಂತ್ಕೊಂಡ್ರೆ ಯಾರ್ ಮಾತೂ ಕೇಳ್ಬೇಡಿ ಎತ್ಕೊಂಡು ಓಡಿ. ನಾವೆಲ್ಲ ನಕ್ಕೆವು, ನೆರಿಗೆ ನಿಲ್ಲಬೇಕು ಅಂತ ನಾವು ಪಿನ್ನು ಚುಚ್ಚಿ ಸಾಯುತ್ತೇವೆ, ಇವರು ನಿಲ್ಲಬಾರದು ಅನ್ನುತ್ತಾರಲ್ಲ ಎಂದು. ನಕ್ಕವಳೇ ಮುಂದಿನ ವರ್ಷ ಅದನ್ನು ಕಣ್ಣಾರೆ ಕಂಡೆ, ಅಪಾರ್ಟ್‌ಮೆಂಟೊಂದರ ಹಿಂದಿನ ಶೆಡ್ಡಿನಲ್ಲಿ, ಲುಬ್ನಾಳ ಮಗಳು ರುಖ್ಸಾರ್, ಎಂಟು ತಿಂಗಳ ಕೂಸು, ಕಣ್ಣು ಗುಳಿ ಬಿದ್ದು, ಅತ್ತರೆ ಕಣ್ಣೀರೂ ಬಾರದೆ. ಅಜ್ಜಿ ನೀರನ್ನೇ ನಿಲ್ಲಿಸಿದ್ದಳು, ನೀರು ಕೊಟ್ಟಷ್ಟೂ ಹೋಗುತ್ತೆ ಮೇಡಂ ಅಂತ, ನಮ್ಮ ಊರಿನಲ್ಲೂ ಹಾಗೇ ಅನ್ನುತ್ತಾರೆ, ನಮ್ಮವ್ವನೂ ಹಾಗೇ ಅನ್ನುತ್ತಿದ್ದಳು — ಅಜ್ಜಿಗೆ ಬೈದೆ, ಬಾಯಿಗೆ ಬಂದಂತೆ ಬೈದೆ, ಹೋಗೂದಕ್ಕ ಹೆದರಿ ಕೊಡೂದ ನಿಲ್ಲಿಸ್ತೀರೇನ್ರಿ, ಕೂಸಿನ ಜೀವಾ ಹೋದ್ರ ಏನ್ ನಿಲ್ಲಿಸ್ತೀರಿ. ಓಆರ್‌ಎಸ್ ಪೊಟ್ಟಣ ಒಡೆದು, ಕುದಿಸಿ ಆರಿಸಿದ ನೀರಿಗೆ ಹಾಕಿ, ದಾರಿಯುದ್ದಕ್ಕೂ ಚಮಚ ಚಮಚವಾಗಿ ಕುಡಿಸುತ್ತಾ ಆಸ್ಪತ್ರೆ ಮುಟ್ಟಿಸಿದೆ. ಈಗ ರುಖ್ಸಾರ್ ಅಂಗನವಾಡಿಗೆ ಹೋಗುತ್ತಾಳೆ, ರಂಜಾನಿಗೆ ಲುಬ್ನಾ ಡಬ್ಬಿಯಲ್ಲಿ ಸುರಕುಂಬಾ ಪಾಯಸ ತರುತ್ತಾಳೆ, ಆಶಾ ದೀದಿ ನೀರು ಕೊಟ್ಟು ಉಳಿಸಿದಳು ಅಂತ ಓಣಿಗೆಲ್ಲ ಹೇಳಿದ್ದಾಳೆ. ನನ್ನ ಹೆಸರು ಭಾಗ್ಯಶ್ರೀ ಎಂದು ಈ ಊರಿನಲ್ಲಿ ಒಬ್ಬರಿಗೂ ಗೊತ್ತಿಲ್ಲ, ಎಲ್ಲರಿಗೂ ನಾನು ಆಶಾ, ಆಶಮ್ಮ, ಆಶಾ ದೀದಿ, ನೀರು ಕೊಟ್ಟ ಆಶಾ. ಇದೊಂದನ್ನು ನಾನು ತುಂಬ ಹೆಮ್ಮೆಯಿಂದ ಇಟ್ಟುಕೊಂಡಿದ್ದೆ.

ಮತ್ತೆ ಚಿವುಟಿದೆ, ಒಂದು, ಎರಡು, ಮೂರು, ನಾಲ್ಕು — ನಾಲ್ಕಕ್ಕೆ ಇಳಿಯಿತು, ಬೇಗ ಎಣಿಸಿದೆನೇನೋ, ನನ್ನ ಎಣಿಕೆಯೇ ತಪ್ಪಿರಬೇಕು. ಪ್ರಾಣಿ ಆಸ್ಪತ್ರೆಯ ಡಾಕ್ಟರ್ ವಿಜಯ್ ಕುಮಾರ್ ಹೊರಡುವ ಮುಂಚೆ ಫೋನಿನಲ್ಲಿ ಕೇಳಿದ್ದರು, ಬಾಯಿ ಆರಿದ್ಯಾಮ್ಮ, ಒಂದು ಕ್ಷಣ ನನಗೆ ತಿಳಿಯಲೇ ಇಲ್ಲ, ಆರುವುದು ಅಂದರೆ ನನ್ನ ತಲೆಗೆ ಮೊದಲು ಬರುವುದು ಗಾಯ, ಗಾಯ ಆರಿತು, ವಾಸಿಯಾಯಿತು ಎಂದು, ಆಮೇಲೆ ಹೊಳೆಯಿತು, ಇವರು ಬಾಯಾರಿಕೆ ಅನ್ನುತ್ತಾರೆ, ನಾವು ನೀರಡಿಕೆ ಅನ್ನುತ್ತೇವೆ, ನಮ್ಮದು ನೀರನ್ನು ಕೇಳುವ ಮಾತು, ಇವರದು ಬಾಯಿ ಒಣಗಿದ್ದನ್ನು ಹೇಳುವ ಮಾತು, ಮರಿ ಕೇಳುವ ಹಂತ ದಾಟಿತ್ತು, ಬರೀ ಒಣಗಿತ್ತು. ಒಸಡು ಮುಟ್ಟಿ ನೋಡಿ ಅಂದರು, ಮುಟ್ಟಿದೆ, ಒದ್ದೆ ಇರಬೇಕಾದದ್ದು ಬೆರಳಿಗೆ ಅಂಟಂಟು, ಒತ್ತಿ ಬಿಡಿ, ಬಿಳಿಯಾದ್ದು ಮತ್ತೆ ಕೆಂಪಾಗೋಕೆ ಎಷ್ಟೊತ್ತು ತಗೊಳ್ಳುತ್ತೆ, ಬಹಳ ಹೊತ್ರಿ ಸರ್, ಎರಡು ಸೆಕೆಂಡ್ ದಾಟಬಾರದು, ದಾಟ್ತದ್ರಿ ಸರ್, ಮೊದಲೇ ಕೆಂಪಿಲ್ರೀ. ಕಣ್ಣು? ಒಳಗ ಹೋಗ್ಯಾವ್ರಿ. ಕಿವಿ, ಪಾದ ತಣ್ಣಗಿದ್ಯಾ? ತಣ್ಣಗದಾವ್ರಿ, ಇಷ್ಟು ಬಿಸಿಲಾಗ ತಣ್ಣಗ ಹೆಂಗ್ರೀ ಸರ್? ಹಾಲು ಕುಡಿಸಬೇಡಿ ಅಂದರು, ಸುರಿಯೋಕೆ ಹೋಗಬೇಡಿ, ಶ್ವಾಸಕ್ಕೆ ಹೋದ್ರೆ ಅಲ್ಲೇ ಹೋಗಿಬಿಡುತ್ತೆ, ಓಆರ್‌ಎಸ್ ಇದ್ರೆ ಕೆನ್ನೆ ಪಕ್ಕದಿಂದ ಒಂದೊಂದು ಹನಿ, ನುಂಗಿದ್ರೆ ಇನ್ನೊಂದು, ನುಂಗ್ಲಿಲ್ಲ ಅಂದ್ರೆ ನಿಲ್ಲಿಸಿ ಬರೀ ಒಸಡು ಒದ್ದೆ ಮಾಡಿ, ಟವೆಲ್ಲಲ್ಲಿ ಸುತ್ತಿ, ತಕ್ಷಣ ಕರ್ಕೊಂಡು ಬನ್ನಿ, ಬಾಯಲ್ಲಿ ಕೊಟ್ಟು ಸಾಲಲ್ಲ, ಡ್ರಿಪ್ ಹಾಕ್ಬೇಕು. ಎಲ್ಲವೂ ನನಗೆ ಗೊತ್ತಿದ್ದದ್ದೇ, ಬೊಂಬೆಯ ಪಾಠವೇ, ಜೀವ ಬೇರೆ ಅಷ್ಟೇ, ನೀರು ಒಂದೇ. ಕಿಟ್ಟಿನಲ್ಲಿ ಪೊಟ್ಟಣವಿತ್ತು, ಮಕ್ಕಳ ಸಿರಪ್ಪಿನ ಡ್ರಾಪರಿತ್ತು, ಎರಡು ಹನಿ ನುಂಗಿತು, ಕೋಗಿಲು ಕ್ರಾಸಿನ ಹತ್ತಿರ ಮೂರನೆಯದೂ ನುಂಗಿತು, ಗಂಟಲು ಸಣ್ಣಗೆ ಅಲುಗಿದ್ದನ್ನು ಕಂಡೆ, ನಾಲ್ಕನೆಯದು ತುಟಿಯ ಅಂಚಿನಿಂದ ನನ್ನ ಸೀರೆಯ ಮೇಲೆ ಇಳಿಯಿತು. ಆಮೇಲೆ ಒಸಡು ಮಾತ್ರ ಒದ್ದೆ ಮಾಡುತ್ತಿದ್ದೇನೆ. ಕೊನೆಯಲ್ಲಿ ಕೇಳಿದರು, ಎಷ್ಟು ದಿನದಿಂದ ನೀರಿಲ್ಲಮ್ಮ ಇದಕ್ಕೆ, ಸಿಗ್ನಲ್ ಸಿಗ್ತಿಲ್ರೀ ಸರ್ ಅಂದೆ, ಸಿಗ್ನಲ್ ಚೆನ್ನಾಗಿಯೇ ಇತ್ತು.

ನಾಲ್ಕು ದಿನ, ಸೋಮವಾರದಿಂದ. ಸೋಮವಾರ ಹತ್ತೂವರೆಗೆ ಮುನಿವೆಂಕಟಮ್ಮನ ಗೇಟಿನ ಮುಂದೆ ನಿಂತಿದ್ದೆ, ಹಳೆಯ ಊರಿನ ಕಡೆಯ ಮನೆ, ಅದರಾಚೆಗೆಲ್ಲ ಇವರದೇ ಹೊಲವಿತ್ತಂತೆ, ಈಗ ಮಗ ಕಟ್ಟಿಸಿದ ಮೂರು ಮಹಡಿಯ ಬಾಡಿಗೆ ಮನೆಗಳು, ಮುದುಕಿ ಮಾತ್ರ ಬೆಳಿಗ್ಗೆ ಎದ್ದು ಹಸು ಇದ್ದಾಗಿನಂತೆ ಏನಾದರೊಂದಕ್ಕೆ ನೀರಿಡದೆ ಕಾಫಿ ಕುಡಿಯುವವಳಲ್ಲ, ಗೇಟಿನ ಹೊರಗೆ ಹೊಂಗೆ ಮರದ ಬುಡದಲ್ಲಿ ಸಿಮೆಂಟಿನ ಬೋಗುಣಿ, ಗಿಡ್ಡದು, ಅಗಲದ್ದು, ಮರಿಗಳ ಬಾಯಿಗೆ ಎಟುಕುವಂಥದ್ದು. ಕೆಂಚು ನಾಯಿ ಒಂದು ಅಲ್ಲೇ ಮೂರು ಮರಿ ಹಾಕಿತ್ತು, ಒಂದೂವರೆ ತಿಂಗಳು, ಎರಡು ಕೆಂಚು, ಒಂದು ಕರಿ. ನಾನು ಲಾರ್ವಾ ಸಮೀಕ್ಷೆಗೆ ಹೋದವಳು, ಮಳೆಗಾಲ ಬರುವ ಮುಂಚೆ ಡೆಂಗಿ ಸೊಳ್ಳೆ ಹುಟ್ಟುವ ನೀರನ್ನೆಲ್ಲ ಹುಡುಕಿ ಚೆಲ್ಲಿಸುವುದು, ಡ್ರಮ್ಮು, ಟೈರು, ತೆಂಗಿನ ಚಿಪ್ಪು, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ. ಅಜ್ಜಿ, ಇದನ್ನ ಡಬ್ಬ ಹಾಕ್ರಿ ಅಂದೆ. ಯಾವ್ ಡಬ್ಬ ಆಕ್ಲವ್ವಾ ಅಂತ ಒಳಗೆ ಹೋಗಿ ಎಣ್ಣೆಯ ಹಳೇ ಡಬ್ಬ ಒಂದನ್ನು ತಂದಳು, ಇಬ್ಬರೂ ನಕ್ಕೆವು, ಇವರ ಕಡೆ ಬೋರಲು ಹಾಕುವುದು ಅನ್ನಬೇಕು, ಎಂಟು ಸಲ ಕಲಿತು ಒಂಬತ್ತು ಸಲ ಮರೆಯುತ್ತೇನೆ, ಬೋರ್ಲಾಕು ಅಂತ ಯೋಳವ್ವಾ, ನಿಮ್ ಬಾಸೆ ನಮಗೇನ್ ಗೊತ್ತಾಯ್ತದೆ ಅಂದಳು, ನಗುತ್ತಲೇ ನಾನು ಬಗ್ಗಿ ಬೋಗುಣಿ ಹಿಡಿದೆ. ನಾಯ್ಗೋಳ್ಗೆ ನೀರವ್ವಾ ಅದು, ಬಿಸ್ಲು ಇಂಗೈತೆ, ಮಡಗಿರ್ಲಿ ಬುಡು. ಇನ್ನೊಂದ್ ಸಲ ಇಲ್ಲಿ ನೀರು ಕಂಡ್ರ ಫೈನ್ ಬೀಳ್ತೈತ್ರಿ ಅಜ್ಜಿ, ಮ್ಯಾಲಿನವರು ಬರ್ತಾರ. ಫೈನು ಹಾಕುವ ಅಧಿಕಾರ ನನಗೆಲ್ಲಿಂದ ಬಂತು, ಹಾಗೆಂದರೆ ಜನ ಬೇಗ ಒಪ್ಪುತ್ತಾರೆ ಎಂಬ ಒಂದೇ ಕಾರಣಕ್ಕೆ ಬಾಯಿಗೆ ರೂಢಿಯಾದ ಮಾತು.

ಐದಕ್ಕೆ ಇಳಿಯಿತು. ಜಕ್ಕೂರು ದಾಟಿದೆವು, ಎಡಗಡೆ ಫ್ಲೈಯಿಂಗ್ ಕ್ಲಬ್ಬಿನ ಬೇಲಿ ಹಿಂದೆ ಹೋಯಿತು, ಜೋರಾಗಿ ಹೋಗ್ತಿದ್ದೀನಿ ಅಕ್ಕಾ ಭಯ ಬೀಳ್ಬೇಡಿ ಅನ್ನುತ್ತಾನೆ ಮಂಜೂರ, ನಾನೆಲ್ಲಿ ಭಯ ಬಿದ್ದೆ, ಇನ್ನೂ ಜೋರಾಗಿ ಹೋಗಪ್ಪಾ. ಚೆಲ್ಲಿ, ಉಜ್ಜಿ, ಒಣಗಿಸಿ, ತುಂಬಿ — ನಮಗೆ ಕಲಿಸಿದ್ದು ನಾಲ್ಕು ಮಾತು, ಮನೆ ಮನೆಯಲ್ಲಿ ನಾಲ್ಕನ್ನೂ ಹೇಳಬೇಕು, ಹಳೇ ನೀರು ಚೆಲ್ಲಿ, ಅಂಚಿಗೆ ಅಂಟಿದ ಮೊಟ್ಟೆ ಉಜ್ಜಿ, ಒಣಗಿಸಿ, ಮತ್ತೆ ಹೊಸ ನೀರು ತುಂಬಿ. ಮೊದಲ ವರ್ಷ ನಾಲ್ಕನ್ನೂ ಹೇಳಿದೆ, ಎರಡನೇ ವರ್ಷ ಒಣಗಿಸಿ ಎಂಬುದು ಬಿಟ್ಟುಹೋಯಿತು, ದಿನಕ್ಕೆ ಐವತ್ತು ಮನೆಯಾದ ಮೇಲೆ ಉಜ್ಜಿ ಎಂಬುದೂ ಹೋಯಿತು, ತುಂಬಿ ಎಂದು ಕಡೆಯದಾಗಿ ಯಾರಿಗೆ ಯಾವಾಗ ಹೇಳಿದೆನೋ ನೆನಪೇ ಇಲ್ಲ, ಈಗ ಗೇಟಿನಲ್ಲಿ ನಿಂತು ಒಂದೇ ಮಾತು, ಚೆಲ್ರಿ. ಹೇಳೋದು ಶಾಸ್ತ್ರ ತಿನ್ನೋದು ಬದನೆಕಾಯಿ ಅಂದರೂ ನನಗೆ ಕಡಿಮೆಯೇ, ಶಾಸ್ತ್ರವನ್ನೂ ಪೂರ್ತಿ ಹೇಳುತ್ತಿರಲಿಲ್ಲ. ಮೊಟ್ಟೆ ಸೊಳ್ಳೆಯಾಗಲು ಎಂಟು ದಿನ ಬೇಕು, ಪರೀಕ್ಷೆ ಇಟ್ಟರೆ ಇವತ್ತೂ ಬರೆಯುತ್ತೇನೆ, ದಿನಾ ಬದಲಿಸುವ ನೀರಿನಲ್ಲಿ ಸೊಳ್ಳೆ ಹುಟ್ಟುವುದಿಲ್ಲ, ಮುನಿವೆಂಕಟಮ್ಮ ದಿನಾ ಬೆಳಿಗ್ಗೆ ಬದಲಿಸುತ್ತಿದ್ದಳು. ಮತ್ತು ನಾನು ಟಾರ್ಚು ಬಿಟ್ಟು ನೋಡಿದ್ದೆ — ಇದನ್ನು ಯಾರಿಗೂ ಹೇಳಿಲ್ಲ, ಯಾರೂ ಕೇಳಿಲ್ಲ — ಸೋಮವಾರ ಆ ಬೋಗುಣಿಯೊಳಗೆ ಟಾರ್ಚು ಬಿಟ್ಟು ನೋಡಿದ್ದೆ, ಒಂದು ಹುಳುವೂ ಇರಲಿಲ್ಲ, ತಿಳಿನೀರು, ತಳದ ಸಿಮೆಂಟಿನ ಹರಳು ಕಾಣುತ್ತಿತ್ತು, ಕರಿ ಮರಿಯ ಮುಖವೂ ಕಾಣುತ್ತಿತ್ತು, ಪಕ್ಕದಲ್ಲಿ ನಿಂತು ಅದೂ ಬಗ್ಗಿ ನೋಡುತ್ತಿತ್ತು. ಆದರೂ ಮಗುಚಿದೆ. ಸಮೀಕ್ಷೆಯ ಆ್ಯಪಿಗೆ ಬೋರಲು ಹಾಕಿದ ಪಾತ್ರೆಯ ಫೋಟೊ ಬೇಕು, ಅವತ್ತು ನನಗೆ ಇನ್ನೂ ಆರು ಫೋಟೊ ಬಾಕಿ, ಬೋಗುಣಿ ಹತ್ತಿರವಿತ್ತು, ಅಷ್ಟೇ. ಬೋಗುಣಿಯ ಬೆನ್ನ ಮೇಲೆ ಸೀಮೆಸುಣ್ಣದಲ್ಲಿ ತಾರೀಖು ಬರೆದು, ಭಾ ಎಂದು ನನ್ನ ಗುರುತು ಹಾಕಿ, ಫೋಟೊ ತೆಗೆದು ನಮ್ಮ ವಾಟ್ಸ್ಯಾಪ್ ಗ್ರೂಪಿಗೂ ಹಾಕಿದೆ, ಸೂಪರ್‌ವೈಸರ್ ಪದ್ಮಶ್ರೀ ಮೇಡಂ ಹೆಬ್ಬೆರಳು ಹಾಕಿದರು, ಎಲ್ಲರೂ ಇದೇ ತರ ಕೆಲಸ ಮಾಡಿ ಎಂದು ಬರೆದರು. ಫೋಟೊದ ಮೂಲೆಯಲ್ಲಿ ಕರಿ ಬಾಲ ಒಂದಿದೆ, ಈಗ ನೋಡಿದರೆ ಕಾಣುತ್ತದೆ.

ಬುಧವಾರ ತಾಯಿ ಸತ್ತಿತು, ಇದು ನನಗೆ ಇವತ್ತು ಗೊತ್ತಾದದ್ದು, ನೀರು ಹುಡುಕಿಕೊಂಡು ಸರ್ವಿಸ್ ರಸ್ತೆ ದಾಟಿ ಕಾರು ತೊಳೆಯುವ ಶೆಡ್ಡಿಗೆ ಹೋಗುತ್ತಿತ್ತಂತೆ, ಹೋಗುವಾಗಲೋ ಬರುವಾಗಲೋ ಟಿಪ್ಪರ್ ಹೊಡೆಯಿತಂತೆ. ಅಲ್ಲಿಗೆ ಹಾಲೂ ನಿಂತಿತು. ಮುನಿವೆಂಕಟಮ್ಮ ಮುದ್ದೆ ಮುರಿದು ಹಾಕಿದ್ದಾಳೆ, ತಿಂದಿಲ್ಲ, ಒಣಗಿದ ಗಂಟಲಿಗೆ ಮುದ್ದೆ ಇಳಿಯುತ್ತದೆಯೇ, ಮನುಷ್ಯರಿಗೇ ಸಾರಿಲ್ಲದೆ ಇಳಿಯದು. ಇವತ್ತು ಬೆಳಿಗ್ಗೆ ಎರಡನೇ ಸುತ್ತಿಗೆ ಹೋದೆ, ಚೆಲ್ಲಿಸಿದ್ದು ಚೆಲ್ಲಿದಂತೆಯೇ ಇದೆಯೇ ಎಂದು ನೋಡುವ ಸುತ್ತು. ಇತ್ತು, ನಾನು ಇಟ್ಟ ಹಾಗೇ ಇತ್ತು, ಹೇಳಿದ ಮಾತು ಕೇಳುವ ಜನ ಸಿಕ್ಕರೆ ಸಾಕು ಅನ್ನುತ್ತಿದ್ದೆನಲ್ಲ, ಸಿಕ್ಕಿದ್ದರು. ಒಂದು ಕೆಂಚು ಮರಿ ನಿಂತ ಕಾರಿನ ಚಕ್ರದ ಹಿಂದೆ, ಒಂದು ಚರಂಡಿಯ ಚಪ್ಪಡಿ ಸಂದಿಯಲ್ಲಿ ಮೂಗು ತೂರಿಸಿಕೊಂಡು, ಎರಡಕ್ಕೂ ಇರುವೆ ಹತ್ತಿತ್ತು. ಕರಿಯದು ಬೋಗುಣಿಯ ಮೇಲೆ ಗದ್ದ ಇಟ್ಟು ಮಲಗಿತ್ತು. ಎತ್ತಿಕೊಂಡ ಮೇಲೆ ಕಂಡದ್ದು — ಸೀಮೆಸುಣ್ಣದ ತಾರೀಖು ಅರ್ಧ ಇರಲಿಲ್ಲ, ಭಾ ಇರಲಿಲ್ಲ, ಅಳಿಸಿದ್ದಲ್ಲ, ಮಳೆಯಂತೂ ಬಂದಿಲ್ಲ, ನೆಕ್ಕಿದ್ದು, ಸಣ್ಣ ಸಣ್ಣ ನಾಲಿಗೆಯ ಅಗಲಕ್ಕೆ ಪಟ್ಟೆ ಪಟ್ಟೆಯಾಗಿ ನೆಕ್ಕಿದ್ದು, ನೀರಿದ್ದ ಜಾಗ ಎಂದು ಅವಕ್ಕೆ ನೆನಪಿತ್ತು, ಅಲ್ಲೇ ಕಾದಿದ್ದವು. ಮರಿಯ ತುಟಿಯ ಮೇಲೆ ಬಿಳಿ ಪುಡಿ ಒಣಗಿತ್ತು. ಮುನಿವೆಂಕಟಮ್ಮ ಗೇಟು ಹಿಡಿದು ನಿಂತಿದ್ದಳು, ನೀನೇ ಯೋಳಿದ್ದಲ್ಲವ್ವಾ ನೀರ್ ಮಡಗಿದ್ರೆ ಪೈನಾಕ್ತೀವಿ ಅಂತ, ನಾನೇನ್ ಓದ್ದೋಳಾ, ನೀವ್ ಯೋಳ್ದಂಗೆ ಕೇಳೋರು ನಾವು, ಅಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಏನಾದರೂ ಅನ್ನಬಹುದಿತ್ತು.

ಆರು. ಇಳಿಯಿತೋ ಇಲ್ಲವೋ, ಆಟೊ ಕುಲುಕಿದ್ದಕ್ಕೆ ಗೊತ್ತಾಗಲಿಲ್ಲ, ಇಳಿದಿರಬೇಕು. ಬ್ಯಾಟರಾಯನಪುರ, ಕೊಡಿಗೇಹಳ್ಳಿ, ಆಮೇಲೆ ಎಲ್ಲವೂ ನಿಂತಿತು, ಮುಂದೆ ಬಸ್ಸಿನ ಬೆನ್ನು, ಪಕ್ಕದಲ್ಲಿ ನೀರಿನ ಟ್ಯಾಂಕರು, ಬಾಯಿ ಸರಿಯಾಗಿ ಮುಚ್ಚದೆ ತಟತಟ ಎಂದು ಡಾಂಬರಿನ ಮೇಲೆ ಸುರಿಯುತ್ತಿದೆ, ಅದನ್ನು ನೋಡಿ ಇಳಿದು ಹೋಗಿ ಕೈಯೊಡ್ಡಬೇಕೆನ್ನಿಸಿತು, ನೀರಿಗೇನೂ ಬರವಿಲ್ಲ, ನನ್ನ ಬಾಟಲಿಯಲ್ಲೇ ಅರ್ಧ ಇದೆ, ಇದ್ದೇನು, ನುಂಗಬೇಕಲ್ಲ. ಡಾಕ್ಟರಿಗೆ ಹೇಳಿಬಿಡುತ್ತೇನೆ, ಹೋದ ತಕ್ಷಣ ಹೇಳುತ್ತೇನೆ, ನಾಲ್ಕು ದಿನ ಸರ್, ನಾನೇ ಚೆಲ್ಲಿದ್ದು, ಹುಳು ಇರಲಿಲ್ಲ, ನೋಡಿ ಚೆಲ್ಲಿದ್ದು, ಬರೆದುಕೊಳ್ಳಿ, ಹೆಸರು ಭಾಗ್ಯಶ್ರೀ, ಆಶಾ ಅಲ್ಲ. ಇದೊಂದು ಉಳಿದರೆ ಪ್ರತಿ ಮನೆಯಲ್ಲೂ ನಾಲ್ಕು ಮಾತನ್ನೂ ಹೇಳುತ್ತೇನೆ, ನಾಯಿಯ ಬೋಗುಣಿ ಕಂಡರೆ ನಾನೇ ಉಜ್ಜಿ ನಾನೇ ತುಂಬುತ್ತೇನೆ, ನೆರಳಿಗೆ ಸರಿಸುತ್ತೇನೆ, ದಿನಾ ಬದಲಿಸ್ರಿ, ಬರೀ ಮುದ್ದೆ ಹಾಕಬ್ಯಾಡ್ರಿ, ತಾಯಿ ಇಲ್ಲದ ಮರಿಗೆ ನೀರು ಮೊದಲು ಎಂದು ಹೇಳುತ್ತೇನೆ — ಯಾರಿಗೆ ಹರಕೆ ಹೊರುತ್ತಿದ್ದೇನೆ ನಾನು, ಯಾವ ದೇವರು ಇಂಥ ಲೆಕ್ಕಕ್ಕೆ ಒಪ್ಪುತ್ತಾನೆ. ಫೋನು ಟಿಣ್ ಅಂದಿತು, ಪದ್ಮಶ್ರೀ ಮೇಡಂ, ಇವತ್ತಿನ ಫೋಟೊ ಯಾಕೆ ಬಂದಿಲ್ಲ. ಉತ್ತರ ಬರೆಯಲು ಕೈ ಖಾಲಿ ಇಲ್ಲ. ಮರಿಯ ಪಕ್ಕೆಲುಬಿನ ಮೇಲೆ ಅಂಗೈ ಇಟ್ಟುಕೊಂಡಿದ್ದೆ, ಆಟೊ ನಿಂತು ಎಂಜಿನ್ ಆರಿಸಿದ ಮೇಲೆಯೇ ಗೊತ್ತಾದದ್ದು, ಇಷ್ಟು ಹೊತ್ತು ಅಂಗೈಗೆ ತಾಗುತ್ತಿದ್ದ ನಡುಕ ಆಟೊದ್ದು.

ಒಸಡು ಒತ್ತಿದೆ, ಒತ್ತುವ ಮುಂಚೆಯೂ ಬಿಳಿ, ಬಿಟ್ಟ ಮೇಲೆಯೂ ಬಿಳಿ. ಮೂಗಿನ ಹತ್ತಿರ ಬೆರಳು ಹಿಡಿದೆ. ಬಂತು ಅಕ್ಕಾ, ಆ ಫ್ಲೈಓವರ್ ಇಳಿದ್ರೆ ಆಸ್ಪತ್ರೆನೇ, ಇನ್ನೊಂದ್ ಸಿಗ್ನಲ್, ಅಷ್ಟೇ ಅಂತ ಮಂಜೂರ ಹಿಂದೆ ತಿರುಗದೆ ಹೇಳುತ್ತಿದ್ದಾನೆ, ಹಾರ್ನ್ ಒತ್ತುತ್ತಿದ್ದಾನೆ, ಒತ್ತಿ ಹಿಡಿದುಬಿಟ್ಟಿದ್ದಾನೆ, ತಲೆ ಹೊರಗೆ ಹಾಕಿ ಮುಂದಿನ ಕಾರಿನವನಿಗೆ ಕೂಗುತ್ತಿದ್ದಾನೆ, ಸೈಡ್ ಕೊಡಿ ಗುರು, ಜೀವ ಐತೆ ಇದ್ರಲ್ಲಿ, ಜೀವ. ಅವನಿಗೆ ಹೇಳಬೇಕು. ನಿಲ್ಲಿಸಪ್ಪಾ ಮಂಜೂರ, ಸಾಕು ಎನ್ನಬೇಕು, ಬಾಯಿ ಬರುತ್ತಿಲ್ಲ, ಬಾಯಿ ಆರಿದೆ, ನನ್ನದು. ಕಾರು ಸರಿಯಿತು, ಅವನು ನುಗ್ಗಿಸಿದ, ಹಾರ್ನ್ ಬಿಡಲಿಲ್ಲ, ನಾನು ಟವೆಲ್ಲಿನ ಅಂಚು ಸರಿಸಿ ಹೆಗಲ ಮೇಲಿನ ಕರಿ ಚರ್ಮವನ್ನು ಎರಡೇ ಬೆರಳಿನಲ್ಲಿ ಮೆಲ್ಲಗೆ ಎತ್ತಿದೆ, ಬಿಟ್ಟೆ, ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು, ಎಂಟು, ನೆರಿಗೆ ಹಾಗೇ ನಿಂತಿದೆ, ಒಂಬತ್ತು, ಹತ್ತು, ನಿಂತಿದೆ, ನನ್ನ ಬೆರಳು ಅಲ್ಲಿಲ್ಲ, ಯಾರೂ ಹಿಡಿದಿಲ್ಲ, ನೆರಿಗೆ ನಿಂತಿದೆ